ನಂದಿಯ ತಪ್ಪಲಿನ ದ್ರಾಕ್ಷಿಯೂ ಮುಂಬಯಿಯ ಮೇಜೂ

ಬೆಳಗ್ಗೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸನ್ನು ಬಿಟ್ಟ ಉದ್ಯಾನ್ ಎಕ್ಸ್‌ಪ್ರೆಸ್, ಪುಣೆ ಸೊಲ್ಲಾಪುರಗಳನ್ನು ಹಗಲಿನಲ್ಲಿ ಹಿಂದಿಕ್ಕಿ, ರಾಯಚೂರು ಗುಂತಕಲ್ಲುಗಳನ್ನು ಕತ್ತಲೆಯಲ್ಲಿ ದಾಟಿ, ಮರುದಿನ ಎಳೆಬಿಸಿಲಿನ ಹೊತ್ತಿಗೆ ಹಿಂದೂಪುರ ಗೌರಿಬಿದನೂರುಗಳ ಮಾರ್ಗವಾಗಿ ದೊಡ್ಡಬಳ್ಳಾಪುರದ ಬಯಲನ್ನು ಪ್ರವೇಶಿಸುತ್ತದೆ. ಆ ವೇಳೆಗೆ ಬೋಗಿಯಲ್ಲಿರುವ ನಮ್ಮ ಮುಂಬಯಿ ಕನ್ನಡಿಗರಲ್ಲಿ ಬಹುಮಂದಿ ಹೊದಿಕೆ ಮಡಿಚಿ, ಹಲ್ಲುಜ್ಜಿ, ಯಲಹಂಕದಲ್ಲಿ ಇಳಿಯುವವರು ಯಾರು, ಮೆಜೆಸ್ಟಿಕ್ಕಿನವರೆಗೆ ಹೋಗುವವರು ಯಾರು ಎಂಬ ಲೆಕ್ಕಾಚಾರದಲ್ಲಿ ಮುಳುಗಿರುತ್ತಾರೆಯೇ ಹೊರತು ಕಿಟಕಿಯ ಹೊರಗೆ ಕಣ್ಣು ಹಾಯಿಸುವುದಿಲ್ಲ. ನಾನೂ ಇಪ್ಪತ್ತು ವರ್ಷಗಳ ಕಾಲ ಹಾಗೆಯೇ ಹೋಗಿ ಬಂದವನು. ದೊಡ್ಡಬಳ್ಳಾಪುರದ ನಿಲ್ದಾಣದಿಂದ ಕೆಲವೇ ಮೈಲಿಗಳ ಅಂತರದಲ್ಲಿ, ದೇವನಹಳ್ಳಿಯ ರಸ್ತೆಯ ರಘುನಾಥಪುರದಲ್ಲಿ, ಮುಂಬಯಿಯ ಒಬ್ಬ ವರ್ತಕನ ಹಂಬಲದಿಂದ ಹುಟ್ಟಿ, ಕನ್ನಡನಾಡಿನ ಕೆಂಪು ಮಣ್ಣಿನಲ್ಲಿ ಬೇರೂರಿ, ಮರಳಿ ಮುಂಬಯಿಯ ಊಟದ ಮೇಜಿಗೆ ಬಂದು ಸೇರಿದ ದ್ರಾಕ್ಷಾಮದ್ಯದ ಒಂದು ಸಂಸ್ಥೆಯಿದೆಯೆಂಬುದನ್ನು ನಾನು ಅರಿತುದು ಬಹಳ ತಡವಾಗಿ.

ಮುಂಬಯಿಗೂ ಕರ್ನಾಟಕಕ್ಕೂ ಬೆಸುಗೆಯಾದ ಸಂಸ್ಥೆಯೊಂದರ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಗಾಗಿ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಅವರ ಮನಸ್ಸಿನಲ್ಲಿದ್ದುದು ಪ್ರಾಯಶಃ ಮಾಟುಂಗದ ಯಾವುದಾದರೂ ಭೋಜನಾಲಯವೋ, ರಾತ್ರಿ ಶಾಲೆಯೋ, ಸಹಕಾರಿ ಬ್ಯಾಂಕೋ ಆಗಿದ್ದಿರಬೇಕು. ಅವುಗಳ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರು ಇದ್ದಾರೆ. ನನ್ನ ಜೀವಿತದ ಬಹುಭಾಗ ಕಳೆದುದು ಉಪನಗರದ ಹೋಟೆಲೊಂದರ ಗಲ್ಲೆಯಲ್ಲಿ, ಒಂದು ಕೈಯಲ್ಲಿ ಬಿಲ್ಲಿನ ಪುಸ್ತಕವನ್ನೂ ಇನ್ನೊಂದು ಕೈಯಲ್ಲಿ ದಾಸ್ತಾನಿನ ಕೀಲಿಕೈಯನ್ನೂ ಹಿಡಿದುಕೊಂಡು. ಈ ಮಹಾನಗರದ ಪರ್ಮಿಟ್ ರೂಮುಗಳಲ್ಲಿ ಗಣನೀಯ ಪಾಲನ್ನು ನಡೆಸಿದವರು, ಇಂದಿಗೂ ನಡೆಸುತ್ತಿರುವವರು, ನಮ್ಮ ಕರಾವಳಿಯ ಜನರು. ನಮ್ಮ ಕೈಯಿಂದಲೇ ಪ್ರತಿ ಸಂಜೆ ಸಹಸ್ರಾರು ಗಾಜಿನ ಲೋಟಗಳು ಜನರ ಮುಂದೆ ಬರುವಾಗ, ನಮ್ಮ ನಾಡಿನ ಮಣ್ಣಿನಲ್ಲಿಯೇ ಬೆಳೆದ ಈ ಪಾನೀಯವೊಂದನ್ನು ಮಾತ್ರ ನಾವು ಕಾಫಿಯನ್ನು ಅರಿತಂತೆ ಅರಿಯಲಿಲ್ಲವೆಂಬ ಕೊರಗು ನನ್ನದು. ಆ ಕೊರಗಿನಿಂದಲೇ ಗ್ರೋವರ್ ದ್ರಾಕ್ಷಿತೋಟದ ಕಥೆಯನ್ನು ಇಲ್ಲಿ ಹೇಳಬಯಸುವೆನು.

ದ್ರಾಕ್ಷಿಯ ರಸವನ್ನು ಹುದುಗಿಸಿ ಕುಡಿಯುವುದು ಪಾಶ್ಚಾತ್ಯರಿಂದ ಬಂದ ಚಾಳಿಯೆಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ನಿರೂಪಿಸುವ ಪ್ರಕರಣವು ದ್ರಾಕ್ಷಾರಸದಿಂದಾದ ಮದ್ಯವನ್ನು ‘ಮಧು’ ಎಂದು ಕರೆದು, ಅದು ಬಂದ ದೇಶಗಳಿಗೆ ಅನುಸಾರವಾಗಿ ‘ಕಾಪಿಶಾಯನ’, ‘ಹಾರಹೂರಕ’ ಎಂಬ ಹೆಸರುಗಳನ್ನು ಹೇಳುತ್ತದೆ. ಅಂದರೆ ಇಂದು ರಸಿಕರು ಬಾಟಲಿಯ ಚೀಟಿಯ ಮೇಲೆ ಊರಿನ ಹೆಸರನ್ನು ಹುಡುಕುವಂತೆಯೇ ಅಂದೂ ಹುಡುಕುತ್ತಿದ್ದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬಾಣಂತಿಗೂ ಬಡಕಲು ಮಗುವಿಗೂ ಎರಡು ಚಮಚ ದ್ರಾಕ್ಷಾಸವವನ್ನು ಕುಡಿಸದ ಮನೆ ನಮ್ಮ ಊರುಗಳಲ್ಲಿ ಯಾವುದಿತ್ತು? ಹುದುಗುವಿಕೆಯಿಂದ ತಾನಾಗಿಯೇ ಹುಟ್ಟಿದ ಮದ್ಯಾಂಶವೇ ಆ ಔಷಧದ ಸಾರವನ್ನು ಕೆಡದಂತೆ ಕಾಪಾಡುತ್ತಿತ್ತೆಂಬುದನ್ನು ನಮ್ಮ ಪಂಡಿತರು ಬಲ್ಲವರಾಗಿದ್ದರು. 1949ರ ಮುಂಬಯಿ ಪಾನನಿರೋಧ ಕಾಯಿದೆ ಜಾರಿಗೆ ಬಂದಾಗ ಇಂತಹ ಔಷಧಗಳ ಪ್ರಶ್ನೆಯೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1951ರ ಬಾಲ್ಸಾರಾ ಮೊಕದ್ದಮೆಯ ತೀರ್ಪಿನಲ್ಲಿ ನ್ಯಾಯಾಲಯವು ಕಾಯಿದೆಯ ಮುಖ್ಯ ಭಾಗವನ್ನು ಎತ್ತಿಹಿಡಿದು, ಮದ್ಯಾಂಶವಿರುವ ಔಷಧ ಮತ್ತು ಪ್ರಸಾಧನ ದ್ರವ್ಯಗಳಿಗೆ ಸಂಬಂಧಿಸಿದ ನಿರ್ಬಂಧಗಳನ್ನು ಅಸಿಂಧುವೆಂದು ಸಾರಿತು. ಕಾಲಕ್ರಮದಲ್ಲಿ ನಿರೋಧ ಸಡಿಲವಾಯಿತಾದರೂ ಕಾಯಿದೆ ಉಳಿಯಿತು, ಅನುಮತಿಪತ್ರದ ಪದ್ಧತಿಯೂ ಉಳಿಯಿತು. ಆದುದರಿಂದಲೇ ಮುಂಬಯಿಯ ಪಾನಗೃಹಕ್ಕೆ ಇಂದಿಗೂ ‘ಪರ್ಮಿಟ್ ರೂಮ್’ ಎಂಬ ಹೆಸರು. ರಸ್ತೆಯ ಬದಿಯ ಅಂಗಡಿಗೆ ‘ವೈನ್ ಶಾಪ್’ ಎಂಬ ಫಲಕವಿದ್ದು ಒಳಗೆ ವಿಸ್ಕಿ, ರಮ್ಮುಗಳ ರಾಶಿಯ ನಡುವೆ ವೈನು ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಟ್ಟಿಯಿಳಿಸಿದ ಮದ್ಯಕ್ಕೂ ಹುದುಗಿಸಿದ ರಸಕ್ಕೂ ಇರುವ ಭೇದವನ್ನು ಆ ಒಂದು ಫಲಕ ನಮ್ಮ ಮನಸ್ಸಿನಿಂದ ಅಳಿಸಿಬಿಟ್ಟಿತು.

ಇಂತಹ ಮುಂಬಯಿಯಲ್ಲಿದ್ದುಕೊಂಡು ಕನ್ವಲ್ ಗ್ರೋವರ್ ಅವರು ಭಾರತದ ಮಣ್ಣಿನಲ್ಲಿ ಫ್ರಾನ್ಸಿನ ದ್ರಾಕ್ಷಿಯನ್ನು ಬೆಳೆಯುವ ಕನಸು ಕಂಡರು. ಅವರ ಉದ್ಯೋಗಕ್ಕೂ ಕೃಷಿಗೂ ಯಾವ ಸಂಬಂಧವೂ ಇರಲಿಲ್ಲ. ಉನ್ನತ ತಂತ್ರಜ್ಞಾನದ ಯಂತ್ರೋಪಕರಣಗಳ ವ್ಯಾಪಾರ ಅವರದು. ಆ ವ್ಯಾಪಾರದ ನಿಮಿತ್ತ ಮೇಲಿಂದ ಮೇಲೆ ಫ್ರಾನ್ಸಿಗೆ ಹೋಗುತ್ತಿದ್ದವರು ಅಲ್ಲಿಯ ಊಟದ ಮೇಜಿನಲ್ಲಿ ಈ ಪಾನೀಯದ ಪರಿಚಯ ಮಾಡಿಕೊಂಡರು, ಅದರ ಮೇಲೆ ಪ್ರೀತಿ ಬೆಳೆಸಿಕೊಂಡರು. ಪ್ರೀತಿಸುವವರು ಲೋಕದಲ್ಲಿ ಕೋಟ್ಯಂತರ ಮಂದಿ. ಪ್ರೀತಿಸಿದ ವಸ್ತುವನ್ನು ತನ್ನ ನೆಲದಲ್ಲಿ ಹುಟ್ಟಿಸಬೇಕೆಂದು ಹೊರಡುವವರು ವಿರಳ. ಷಾಂಪೇನ್ ಪ್ರಾಂತ್ಯದ ಬೂಜಿ ಎಂಬ ಗ್ರಾಮದವರೂ, ಮಮ್ ಎಂಬ ಪ್ರಸಿದ್ಧ ಷಾಂಪೇನ್ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥರಾಗಿ ಹೆಸರಾದವರೂ ಆದ ಜಾರ್ಜ್ ವೆಸೆಲ್ ಅವರ ನೆರವನ್ನು ಗ್ರೋವರ್ ಪಡೆದರು. ವರ್ಷಗಟ್ಟಲೆ ನಡೆದ ಪ್ರಯೋಗಗಳಲ್ಲಿ 35 ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, ಕೊನೆಗೆ ಆರಿಸಿಕೊಂಡುದು 9. ಉಳಿದ 26ರ ಬಗ್ಗೆ ಯಾವ ಪ್ರಚಾರಪತ್ರವೂ ಮಾತನಾಡುವುದಿಲ್ಲ. ಆದರೆ ನೆಟ್ಟು, ನೀರೆರೆದು, ಮೂರು ನಾಲ್ಕು ವರ್ಷ ಕಾದು, ಫಲ ಕಂಡು, ಇದಲ್ಲವೆಂದು ಕಿತ್ತೆಸೆದ ಆ ಬಳ್ಳಿಗಳ ಮೇಲೆಯೇ ಈ ಸಂಸ್ಥೆಯ ಅಸ್ತಿವಾರ ನಿಂತಿದೆಯೆಂದು ನಾನು ಭಾವಿಸುತ್ತೇನೆ. 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಎಂಬ ಸಂಸ್ಥೆ ನಂದಿಬೆಟ್ಟದ ತಪ್ಪಲಿನ ಸುಮಾರು 40 ಎಕರೆ ಭೂಮಿಯಲ್ಲಿ ರೂಪ ತಾಳಿತು. ಮೊದಲ ವೈನು ಹೊರಬಂದುದು 1992ರಲ್ಲಿ.

ನಂದಿಯ ತಪ್ಪಲನ್ನೇ ಏಕೆ ಆರಿಸಿದರು? ದ್ರಾಕ್ಷಿ ಆ ಸೀಮೆಗೆ ಹೊಸತಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ರೈತರು ‘ಬೆಂಗಳೂರು ಬ್ಲೂ’ ಎಂಬ ನೀಲಿ ದ್ರಾಕ್ಷಿಯನ್ನು ತಲೆಮಾರುಗಳಿಂದ ಚಪ್ಪರಕ್ಕೆ ಹಬ್ಬಿಸಿದವರು. ಆ ತಳಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ತಿನ್ನಲು ಹುಳಿಸಿಹಿ, ಕೈಗೆ ಬಾಯಿಗೆ ಬಣ್ಣ ಹತ್ತುವ ದಪ್ಪ ಸಿಪ್ಪೆ, ಒಮ್ಮೆ ಮೂಸಿದರೆ ಮರೆಯದ ಗಾಢವಾದ ಪರಿಮಳ. ರಸಕ್ಕೂ ಜಾಮಿಗೂ ಸಿಹಿಯಾದ ಪೋರ್ಟ್ ವೈನಿಗೂ ಒಪ್ಪುವ ಹಣ್ಣದು, ಆದರೆ ಒಣ ಪಾಕದ ವೈನಿಗೆ ಸಲ್ಲದು. ಆ ರೈತರ ಅನುಭವದಿಂದ ದೊರೆತ ಅರಿವು ಹೊಸ ತೋಟಕ್ಕೆ ಬೆನ್ನಾಯಿತು. ನಂದಿಯ ಶಿಖರ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದ್ದು, ತಪ್ಪಲಿನ ಭೂಮಿಯೂ ಎತ್ತರದ ಪ್ರಸ್ಥಭೂಮಿಯೇ ಆದುದರಿಂದ ಹಗಲಿನ ಬಿಸಿಲು ಎಷ್ಟೇ ಚುರುಕಾಗಿದ್ದರೂ ಇರುಳು ತಂಪಾಗುತ್ತದೆ. ಬಿಸಿಲು ಹಣ್ಣಿಗೆ ಸಕ್ಕರೆಯನ್ನು ತುಂಬಿದರೆ, ಇರುಳ ತಂಪು ಅದರ ಹುಳಿಯನ್ನು ಕರಗದಂತೆ ಉಳಿಸುತ್ತದೆ. ಹುಳಿಯಿಲ್ಲದ ವೈನು ಹುಣಿಸೆಯಿಲ್ಲದ ಸಾರಿನಂತೆ ಸಪ್ಪೆ.

ಆದರೂ ಒಂದು ತೊಡಕು ಉಳಿದಿತ್ತು, ಅದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಕುತೂಹಲಕರವಾಗಿ ತೋರಿದ ಸಂಗತಿ. ಫ್ರಾನ್ಸಿನಲ್ಲಿ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ವಸಂತದಲ್ಲಿ ಏಳುತ್ತದೆ, ಶರದೃತುವಿನಲ್ಲಿ ಫಲ ಕೊಡುತ್ತದೆ. ನಮ್ಮ ಉಷ್ಣವಲಯದಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇದ್ದು ದಣಿದು ಹೋಗುವ ಬಳ್ಳಿಗೆ ಕತ್ತರಿಯ ಮೂಲಕವೇ ಋತುಗಳನ್ನು ಕಲಿಸಬೇಕು. ಆದುದರಿಂದ ನಮ್ಮಲ್ಲಿ ವರ್ಷಕ್ಕೆ ಎರಡು ಬಾರಿ ಸವರುತ್ತಾರೆ. ವಿಜಯಪುರದ ಕಡೆಯ ಬೆಳೆಗಾರರು ಇದಕ್ಕೆ ‘ಚಾಟ್ನಿ’ ಎನ್ನುತ್ತಾರೆ. ಬೇಸಿಗೆಯ ಚಾಟ್ನಿ ಕಡ್ಡಿಯನ್ನು ಬಲಪಡಿಸುವುದಕ್ಕೆ, ಮಳೆ ಹಿಂದೆಗೆಯುವ ಕಾಲದ ಚಾಟ್ನಿ ಹಣ್ಣಿಗೆ. ಹೀಗಾಗಿ ಯೂರೋಪಿನಲ್ಲಿ ಸೆಪ್ಟೆಂಬರಿನ ಹೊತ್ತಿಗೆ ನಡೆಯುವ ಕೊಯ್ಲು ನಮ್ಮಲ್ಲಿ ಸಂಕ್ರಾಂತಿ ಕಳೆದ ಮೇಲೆ, ಮಾವು ಹೂಬಿಡುವ ದಿನಗಳಿಂದ ಬೇಸಿಗೆಯ ಮೊದಲ ಬಿಸಿಯವರೆಗೆ ನಡೆಯುತ್ತದೆ. ಮುಂಗಾರಿನಲ್ಲಿ ಹಣ್ಣು ಮಾಗಿಸುವುದೆಂದರೆ ಕೊಳೆಸುವುದೆಂದೇ ಅರ್ಥ.

ಕೊಳೆಯ ಮಾತು ಬಂದಾಗ ನಮ್ಮ ಕಡೆಯವರಿಗೆ ಒಂದು ಹೆಸರು ತಾನಾಗಿಯೇ ನೆನಪಾಗುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಬೆಳೆದ ಯಾರಿಗೆ ‘ಬೋರ್ಡೋ ದ್ರಾವಣ’ ತಿಳಿಯದು? ಮೈಲುತುತ್ತನ್ನೂ ಸುಣ್ಣವನ್ನೂ ಬೇರೆಬೇರೆಯಾಗಿ ಕರಗಿಸಿ, ಹದವಾಗಿ ಬೆರೆಸಿ, ಮಳೆ ಹಿಡಿಯುವ ಮೊದಲು ಕೊನೆಗೆ ಸಿಂಪಡಿಸುವ ಆ ನೀಲಿ ದ್ರಾವಣ ನನ್ನ ಬಾಲ್ಯದ ಅಂಗಳದ ಬಣ್ಣ. ಅದು ಹುಟ್ಟಿದುದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ, 1880ರ ದಶಕದಲ್ಲಿ, ಬೂಜು ರೋಗದ ಮದ್ದಾಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಸುವಂತೆ ಮಾಡಿ ನಮ್ಮ ತೋಟಗಳನ್ನು ಉಳಿಸಿದರು. ಬೋರ್ಡೋ ಎಂಬ ಹೆಸರು ಹೀಗೆ ನಮ್ಮ ಮನೆಗಳಿಗೆ ಮದ್ಯದ ರೂಪದಲ್ಲಿ ಬರುವುದಕ್ಕೆ ಮುಕ್ಕಾಲು ಶತಮಾನ ಮೊದಲೇ ಮದ್ದಿನ ರೂಪದಲ್ಲಿ ಬಂದಿತ್ತು. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಅದೇ ಬೋರ್ಡೋ ಸೀಮೆಯ ಪೊಮೆರೋಲಿನವರೂ ಜಗದ್ವಿಖ್ಯಾತ ವೈನುತಜ್ಞರೂ ಆದ ಮಿಷೆಲ್ ರೋಲಾಂ ನಂದಿಯ ತಪ್ಪಲಿನ ಈ ಸಂಸ್ಥೆಗೆ ಸಲಹೆಗಾರರಾದರೆಂದು ತಿಳಿದಾಗ, ಒಂದು ಹಳೆಯ ಪರಿಚಯ ಎರಡನೆಯ ಬಾರಿ ಬಾಗಿಲು ತಟ್ಟಿದಂತೆ ನನಗೆ ಸಂತೋಷವಾಯಿತು. ಸರಿಸುಮಾರು ಅದೇ ಕಾಲಕ್ಕೆ ಷಾಂಪೇನಿನ ವೆವ್ ಕ್ಲಿಕೋ ಸಂಸ್ಥೆಯೂ ಗ್ರೋವರಿನಲ್ಲಿ ಸಣ್ಣ ಪಾಲನ್ನು ಕೊಂಡಿತ್ತು.

ನಾನು ಆ ತೋಟವನ್ನು ಕಂಡುದು ಒಂದು ಫೆಬ್ರವರಿಯಲ್ಲಿ, ಮಗಳ ಗಂಡನ ಒತ್ತಾಯದ ಮೇರೆಗೆ. ನಮ್ಮ ನೀಲಿ ದ್ರಾಕ್ಷಿಯ ತಲೆಯೆತ್ತರದ ಚಪ್ಪರವನ್ನು ನಿರೀಕ್ಷಿಸಿದ್ದ ನನಗೆ, ಎದೆಯೆತ್ತರದ ತಂತಿಗಳಿಗೆ ಬಿಗಿದು ಸೈನಿಕರಂತೆ ಸಾಲಾಗಿ ನಿಲ್ಲಿಸಿದ ಬಳ್ಳಿಗಳು ಮೊದಲು ಅಪರಿಚಿತವಾಗಿ ತೋರಿದುವು. ಗೊಂಚಲುಗಳೂ ಅಷ್ಟೇ: ಮಾರುಕಟ್ಟೆಯ ದ್ರಾಕ್ಷಿಯ ಗಾತ್ರದ ಅರ್ಧವೂ ಇಲ್ಲದ, ನೇರಳೆಹಣ್ಣಿನ ಬಣ್ಣದ, ಬಟಾಣಿಯಷ್ಟು ಕಾಳುಗಳು. ಒಂದನ್ನು ಬಾಯಿಗೆ ಹಾಕಿಕೊಂಡೆನು. ಮೊದಲು ಸಕ್ಕರೆಯಂತೆ ಸಿಹಿ, ಹಿಂದೆಯೇ ಸಿಪ್ಪೆಯ ಒಗರು, ಕೊನೆಗೆ ಹಲ್ಲಿಗೆ ಸಿಕ್ಕಿದ ಬೀಜದ ಕಹಿ. ಕೆಂಪು ವೈನಿನ ಮೈಕಟ್ಟೆಲ್ಲ ಆ ಸಿಪ್ಪೆ ಬೀಜಗಳಲ್ಲಿಯೇ ಇದೆ. ಹಣ್ಣಿನ ತಿರುಳು ಕಪ್ಪಲ್ಲ, ನೀರಿನ ಬಣ್ಣದ್ದು. ರಸವನ್ನು ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು, ಸಿಪ್ಪೆಯನ್ನು ಬೇರ್ಪಡಿಸಿ ಹುದುಗಿಸಿದರೆ ಬಿಳಿ. ಬಿಳಿಯದನ್ನು ಹದಿನೈದು ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದರೆ ಹೂವಿನ ಪರಿಮಳ ಹಾರಿಹೋಗದೆ ನಿಲ್ಲುತ್ತದೆ. ಕೆಂಪಿಗೆ ಇನ್ನೂ ಹೆಚ್ಚು ಬಿಸಿ ಬೇಕು, ಇಲ್ಲವಾದರೆ ಸಿಪ್ಪೆ ತನ್ನ ಬಣ್ಣವನ್ನೂ ಒಗರನ್ನೂ ಬಿಟ್ಟುಕೊಡದು. ಒಂದು ಬಾಟಲಿಗೆ, ಅಂದರೆ 750 ಮಿಲಿಲೀಟರಿಗೆ, ಒಂದು ಕಿಲೋಗ್ರಾಮಿಗೂ ತುಸು ಮಿಕ್ಕ ದ್ರಾಕ್ಷಿ ಬೇಕಾಗುತ್ತದೆ.

ಉಕ್ಕಿನ ದೊಡ್ಡ ಟ್ಯಾಂಕಿನ ಮೇಲಣ ಬಾಯಿಯ ಬಳಿ ನಿಂತಾಗ ಒಳಗಿನಿಂದ ಸಣ್ಣನೆಯ, ನಿರಂತರವಾದ ಒಂದು ಸದ್ದು ಕೇಳಿಸಿತು. ಮಳೆ ನಿಂತ ಮೇಲೆ ತರಗೆಲೆಗಳೊಳಗೆ ನೀರು ಇಳಿಯುವಂತಹ ಸದ್ದು. ಆ ಸದ್ದನ್ನು ನಾನು ಬಲ್ಲೆನು. ನನ್ನ ಅಜ್ಜ ಮೂರ್ತೆದಾರರು, ಮುಲ್ಕಿಯ ಕಡೆಯ ತಾಳೆಮರಗಳನ್ನು ದಿನಕ್ಕೆ ಎರಡು ಬಾರಿ ಹತ್ತಿ ಕಳ್ಳು ಇಳಿಸುತ್ತಿದ್ದವರು. ಇಳಿಸಿದ ಮಡಕೆಯ ಬಾಯಿಗೆ ಕಿವಿಯಿಟ್ಟು ಅದು ಇನ್ನೂ ಎಳೆಯದೋ, ಹದಕ್ಕೆ ಬಂದಿದೆಯೋ, ಹುಳಿಗೆ ತಿರುಗುತ್ತಿದೆಯೋ ಎಂಬುದನ್ನು ಅವರು ಹೇಳಬಲ್ಲವರಾಗಿದ್ದರು. ಬೆಳಗ್ಗೆ ಸಿಹಿಯಾದುದು ಸಂಜೆಗೆ ಖಾರವಾಗುವುದನ್ನೂ, ಮರುದಿನಕ್ಕೆ ಅಡುಗೆಮನೆಯ ಹುಳಿಯಾಗಿ ಉಪಯೋಗಕ್ಕೆ ಬರುವುದನ್ನೂ ನಾವು ಮಕ್ಕಳು ಕಂಡುಕೊಂಡೇ ಬೆಳೆದೆವು. ಟ್ಯಾಂಕಿನ ಬದಿಯಲ್ಲಿ ಉಷ್ಣತೆಯನ್ನು ತೋರಿಸುವ ಕೆಂಪು ಅಂಕಿಗಳಿದ್ದುವು, ಕೈಗಡಿಯಾರದಂತಹ ಮಾಪಕಗಳಿದ್ದುವು. ಅಜ್ಜನಿಗೆ ಕಿವಿಯೊಂದೇ ಇತ್ತು. ಎರಡು ಕಡೆಗಳಲ್ಲಿಯೂ ನಡೆಯುವ ಕಾರ್ಯ ಒಂದೇ: ಕಣ್ಣಿಗೆ ಕಾಣದ ಕಿಣ್ವಜೀವಿ ಸಕ್ಕರೆಯನ್ನು ತಿಂದು ಮದ್ಯಾಂಶವನ್ನೂ ಇಂಗಾಲದ ಅನಿಲವನ್ನೂ ಬಿಡುತ್ತದೆ. ಕಳ್ಳಿಗೆ ಒಂದು ದಿನದ ಆಯುಸ್ಸು. ಇದಕ್ಕೆ ವರ್ಷಗಳ ಆಯುಸ್ಸು. ಪಕ್ಕದ ಕೋಣೆಯ ಅರೆಗತ್ತಲೆಯಲ್ಲಿ ಓಕ್ ಮರದ ಪೀಪಾಯಿಗಳು ಮಲಗಿದ್ದುವು. ಬೋರ್ಡೋ ಪದ್ಧತಿಯ ಅಂತಹ ಒಂದೊಂದು ಪೀಪಾಯಿಯಲ್ಲಿ 225 ಲೀಟರು, ಎಂದರೆ ಸುಮಾರು 300 ಬಾಟಲಿಗಳ ವೈನು. ಮರದ ಸೂಕ್ಷ್ಮರಂಧ್ರಗಳ ಮೂಲಕ ಉಸಿರಾಡುತ್ತ, ತನ್ನ ಒರಟುತನವನ್ನು ಕಳೆದುಕೊಳ್ಳುತ್ತ, ಮರದ ಗಂಧವನ್ನು ತುಸುವೇ ಎರವಲು ಪಡೆಯುತ್ತ ಅದು ಅಲ್ಲಿ ಕಾಯುತ್ತದೆ. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ತಳಿಗಳನ್ನು ಕೂಡಿಸಿ ಮಾಡಿದ ‘ಲಾ ರಿಸರ್ವ್’ ಎಂಬ ಕೆಂಪು ವೈನು ಈ ಸಂಸ್ಥೆಗೆ ದೇಶದ ಹೊರಗೂ ಕೀರ್ತಿ ತಂದುದು. ಬಿಳಿಯಲ್ಲಿ ಮೊದಲ ದಿನಗಳ ಕ್ಲೇರೆಟ್, ತರುವಾಯ ವಿಯೋನ್ಯೇ, ಸೋವಿನ್ಯೋನ್ ಬ್ಲಾಂಕ್ ಹೆಸರು ಮಾಡಿದುವು.

ಸಂಸ್ಥೆಯ ಚರಿತ್ರೆಯನ್ನು ಬರೆಯುವಾಗ ನೆರೆಹೊರೆಯನ್ನು ಮರೆಯುವಂತಿಲ್ಲ. ಗ್ರೋವರಿಗೂ ಮೊದಲೇ, ಎಂಬತ್ತರ ದಶಕದಲ್ಲಿ, ಮುಂಬಯಿಯ ಉದ್ಯಮಿ ಶಾಮರಾವ್ ಚೌಗುಲೆ ಪುಣೆಯ ಬಳಿಯ ನಾರಾಯಣಗಾಂವಿನಲ್ಲಿ ಇಂಡೇಜ್ ಸಂಸ್ಥೆಯನ್ನು ಕಟ್ಟಿ ‘ಓಮರ್ ಖಯ್ಯಾಮ್’ ಎಂಬ ನೊರೆವೈನನ್ನು ವಿದೇಶಗಳಿಗೂ ಕಳುಹಿಸಿದ್ದರು. ಆ ಸಾಹಸ ಕೆಲವು ದಶಕಗಳ ಅನಂತರ ಸಾಲದ ಭಾರದಿಂದ ಕುಸಿದುದು ವಿಷಾದದ ಸಂಗತಿ. 1997ರಲ್ಲಿ ರಾಜೀವ್ ಸಾಮಂತ್ ನಾಸಿಕದ ತಮ್ಮ ಮನೆತನದ ಭೂಮಿಯಲ್ಲಿ ಸೋವಿನ್ಯೋನ್ ಬ್ಲಾಂಕನ್ನೂ ಶೆನಿನ್ ಬ್ಲಾಂಕನ್ನೂ ನೆಟ್ಟು, 2000ದಲ್ಲಿ ಸುಲಾ ವೈನನ್ನು ಮಾರುಕಟ್ಟೆಗೆ ತಂದರು. ಇಂದು ಮುಂಬಯಿಯ ತರುಣರಿಗೆ ವೈನೆಂದರೆ ಮೊದಲು ನೆನಪಾಗುವುದು ಆ ಹೆಸರೇ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣ ನೀತಿಯನ್ನು ಘೋಷಿಸಿ, ತನ್ನ ನೆಲದ ವೈನಿಗೆ ಅಬಕಾರಿ ಸುಂಕದ ವಿನಾಯಿತಿಯನ್ನಿತ್ತಿತು. ಕರ್ನಾಟಕ 2007ರಲ್ಲಿ ತನ್ನದೇ ನೀತಿಯನ್ನು ತಂದು, ವೈನ್ ಮಂಡಳಿಯನ್ನು ಸ್ಥಾಪಿಸಿತು. ಎರಡೂ ರಾಜ್ಯಗಳು ತಮ್ಮ ತಮ್ಮ ರೈತನನ್ನು ಪೋಷಿಸಿದುದು ಸರಿಯೇ. ಆದರೆ ಅದರಿಂದ ನಂದಿಯ ವೈನು ಮುಂಬಯಿಗೆ ಬರುವಾಗ ಗಡಿಯಲ್ಲಿ ಪರದೇಶಿಯಾಯಿತು, ನಾಸಿಕದ ವೈನು ಬೆಂಗಳೂರಿನಲ್ಲಿ ಅಂತೆಯೇ ಆಯಿತು. ಕಡಲಾಚೆಯಿಂದ ಬರುವ ವೈನಿಗೆ ಶೇಕಡಾ 150ರ ಆಮದು ಸುಂಕವಿದ್ದ ದೇಶದಲ್ಲಿ, ಒಳನಾಡಿನ ದ್ರಾಕ್ಷಿಗೂ ಇನ್ನೊಂದು ಬೇಲಿ ಬಿತ್ತೆಂಬುದು ನನ್ನ ಮನಸ್ಸಿಗೆ ಇಂದಿಗೂ ಒಪ್ಪದ ಸಂಗತಿ. 2012ರಲ್ಲಿ ಗ್ರೋವರ್ ಸಂಸ್ಥೆ ನಾಸಿಕ ಜಿಲ್ಲೆಯ ಇಗತ್ಪುರಿ ಸೀಮೆಯ ವಾಲೆ ದ ವ್ಯಾನ್ ಸಂಸ್ಥೆಯೊಡನೆ ಕೂಡಿ ‘ಗ್ರೋವರ್ ಜಾಂಪಾ’ ಆದಾಗ, ಒಂದು ಕಾಲು ನಂದಿಯಲ್ಲಿಯೂ ಇನ್ನೊಂದು ಕಾಲು ಸಹ್ಯಾದ್ರಿಯಲ್ಲಿಯೂ ಊರಿ ಆ ಬೇಲಿಯನ್ನು ದಾಟುವ ದಾರಿ ದೊರೆಯಿತು. ಅತ್ತ ಸುಲಾ 2017ರಲ್ಲಿ ಚನ್ನಪಟ್ಟಣದ ವೈನರಿಯೊಂದನ್ನು ಕೊಂಡು ಕರ್ನಾಟಕಕ್ಕೆ ಕಾಲಿಟ್ಟಿತು. ಅನಂತರದ ವರ್ಷಗಳಲ್ಲಿ ಗ್ರೋವರ್ ಜಾಂಪಾದ ಒಡೆತನ ಬದಲಾಯಿತು. ಬಾರಾಮತಿಯ ಫೋರ್ ಸೀಸನ್ಸ್, ನಾಸಿಕದ ಚಾರೋಸಾಗಳೂ ಅದರ ತೆಕ್ಕೆಗೆ ಬಂದುವು. ವಿಸ್ತಾರದ ಆ ಲೆಕ್ಕಗಳನ್ನು ವಾಣಿಜ್ಯ ಪತ್ರಿಕೆಗಳು ಬರೆದಿವೆ.

ಇನ್ನು ನಮ್ಮ ಮೇಜಿನ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಉಪನಗರಗಳ ಪರ್ಮಿಟ್ ರೂಮುಗಳಿಗೆ ವೈನು ಬಂದಾಗ ನಾವು ಅದನ್ನು ಬಡಿಸಿದ ಬಗೆಯನ್ನು ನೆನೆದರೆ ನೋವಾಗುತ್ತದೆ. ಹೆಸರು ಬೇಡ, ನನ್ನ ಬಂಧುಗಳದೇ ಒಂದು ಹೋಟೆಲು. ಬಾಟಲಿಗಳನ್ನು ಅಲಂಕಾರಕ್ಕಾಗಿ ಗಲ್ಲೆಯ ಮೇಲಣ ಕಪಾಟಿನಲ್ಲಿ, ಟ್ಯೂಬ್‌ಲೈಟಿನ ಬುಡದಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿ, ನೆಟ್ಟಗೆ ನಿಲ್ಲಿಸಿದ್ದರು. ಮಲಗಿಸಿಟ್ಟಿದ್ದರೆ ತೇವದಿಂದಿರಬೇಕಾಗಿದ್ದ ಬಿರಡೆ ಒಣಗಿ ಸೆಟೆಯಿತು; ಮೇ ತಿಂಗಳ ಸೆಕೆಗೆ ಒಳಗಿನ ರಸ ಬೆಂದಿತು. ಶನಿವಾರ ತೆರೆದ ಬಾಟಲಿಯಿಂದ ಬುಧವಾರ ಒಬ್ಬ ಗಿರಾಕಿಗೆ ಸುರಿದುಕೊಟ್ಟೆವು. ಅವರು ಒಂದು ಗುಟುಕು ಕುಡಿದು, ಏನನ್ನೂ ಹೇಳದೆ ಲೋಟವನ್ನು ಪಕ್ಕಕ್ಕೆ ಸರಿಸಿ, ಬಿಲ್ಲು ತರಿಸಿಕೊಂಡು ಹೊರಟುಹೋದರು. ಅನಂತರ ನಾನು ರುಚಿ ನೋಡಿದೆನು: ಶುದ್ಧ ವಿನೆಗರ್. ಒಂದು ಗಂಟೆ ಹಳೆಯದಾದ ಡಿಕಾಕ್ಷನ್ನನ್ನು ಚೆಲ್ಲಿ ಹೊಸತಾಗಿ ಇಳಿಸುವ ಜನ ನಾವು, ನಿನ್ನೆಯ ಚಟ್ನಿಯನ್ನು ಇಂದು ಬಡಿಸಲು ನಾಚುವವರು. ಈ ಒಂದು ವಿಷಯದಲ್ಲಿ ಅಷ್ಟು ಅಜ್ಞಾನದಿಂದ ನಡೆದುಕೊಂಡೆವಲ್ಲ ಎಂದು ಅಂದು ನನಗಾದ ಲಜ್ಜೆ ಇನ್ನೂ ಇದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯೂರೋಪಿನ ಕೋಣೆಗೆ ಸಲ್ಲುತ್ತದೆ, ಮುಂಬಯಿಯ ಮೂವತ್ತು ಡಿಗ್ರಿಯ ಕೋಣೆಗಲ್ಲ. ಇಲ್ಲಿ ಕೆಂಪನ್ನು ಸಾಕಷ್ಟು ಹೊತ್ತು ಫ್ರಿಜ್ಜಿನಲ್ಲಿಟ್ಟು, ಹದಿನೇಳು ಹದಿನೆಂಟು ಡಿಗ್ರಿಗೆ ಇಳಿಸಿ ಬಡಿಸಬೇಕು. ಬಿಳಿಯದಕ್ಕೆ ಇನ್ನೂ ಹೆಚ್ಚು ತಂಪು. ತೆರೆದ ಬಾಟಲಿಯ ಬಾಯಿಯನ್ನು ಮುಚ್ಚಿ ತಂಪಿನಲ್ಲಿಟ್ಟು ಎರಡು ಮೂರು ದಿನಗಳಲ್ಲಿ ಮುಗಿಸಬೇಕು. ಇಷ್ಟನ್ನು ಕಲಿಯಲು ನಮಗೆ ಹತ್ತು ವರ್ಷ ಹಿಡಿಯಿತು. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ದೊಡ್ಡ ದಿನಸಿ ಮಳಿಗೆಗಳಲ್ಲಿಯೂ ವೈನು ಮಾರಲು ಸಮ್ಮತಿಸಿ, ಅದರ ವಿರುದ್ಧ ಪ್ರಬಲವಾದ ವಿರೋಧವೆದ್ದಾಗ, ಎರಡು ಪಕ್ಷದವರ ಕಳಕಳಿಯೂ ನನಗೆ ಅರ್ಥವಾಯಿತು. ಕುಡಿತ ಮುರಿದ ಮನೆಗಳನ್ನು ಗಲ್ಲೆಯಲ್ಲಿ ಕುಳಿತ ನನ್ನಷ್ಟು ಹತ್ತಿರದಿಂದ ಕಂಡವರು ಕಡಿಮೆ. ಶೇಕಡಾ ಹನ್ನೆರಡು ಹದಿಮೂರರ ಮದ್ಯಾಂಶವೂ ಮದ್ಯಾಂಶವೇ. ಮಿತಿ ತಪ್ಪಿದರೆ ದ್ರಾಕ್ಷಿಯೂ ಕಾಯುವುದಿಲ್ಲ.

ಮಿತಿಯೊಳಗೆ ಅದು ಕೊಡುವ ಸುಖವನ್ನು ಕಲಿಸಿದವರು ನಮಗೆ ನಮ್ಮ ಕ್ರೈಸ್ತ ನೆರೆಯವರು. ಬಾಂದ್ರಾದಲ್ಲಿ ಈಸ್ಟ್ ಇಂಡಿಯನ್ನರ ಮನೆಗಳಲ್ಲಿಯೂ ಮಂಗಳೂರಿನಿಂದ ಬಂದು ನೆಲಸಿದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿಯೂ ಕ್ರಿಸ್ಮಸ್ಸಿಗೆ ವಾರಗಳ ಮೊದಲೇ ಕಪ್ಪು ದ್ರಾಕ್ಷಿ, ಸಕ್ಕರೆ, ಒಂದಿಷ್ಟು ಗೋಧಿ, ಈಸ್ಟು ಹಾಕಿ ಪಿಂಗಾಣಿಯ ಭರಣಿಗಳ ಬಾಯಿ ಕಟ್ಟುವ ಪದ್ಧತಿ ಇಂದಿಗೂ ಇದೆ. ಉಪ್ಪಿನಕಾಯಿಯ ಭರಣಿಯಂತೆಯೇ ಮರದ ಸೌಟಿನಿಂದ ದಿನವೂ ಕಲಕಬೇಕು, ನೀರು ತಾಗಿಸಬಾರದು. ಹಬ್ಬದ ದಿನ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಲೋಟದಲ್ಲಿ, ಕೇಕಿನೊಡನೆ, ಮನೆಯ ಹಿರಿಯರಿಂದ ಮೊದಲ್ಗೊಂಡು ಬಂದವರೆಲ್ಲರಿಗೂ ಕೊಡುತ್ತಾರೆ. ಎರಡನೆಯ ಲೋಟವನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಆ ಪಾಠ ಬೇರೆ ರೂಪ ತಾಳಿತು. ಪರಂಗಿಯವರ ಚೀಸಿಗೇ ವೈನು ಒಪ್ಪುವುದೆಂಬ ಭ್ರಮೆಯನ್ನು ನನ್ನ ಮಡದಿ ಒಂದು ಭಾನುವಾರ ಮುರಿದಳು: ಬಂಗುಡೆಯ ಪುಳಿಮುಂಚಿಯ ಹುಳಿಖಾರಕ್ಕೆ ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಜೊತೆಯಾದಾಗ ಖಾರ ಮೆತ್ತಗಾಯಿತು, ಮೀನಿನ ಸವಿ ಮುಂದೆ ಬಂದಿತು. ತೆಂಗಿನಹಾಲಿನ ಕಾಣೆ ಗಸಿಗೆ ವಿಯೋನ್ಯೇಯ ಹೂಗಂಧ ಹೊಂದುತ್ತದೆ. ಕೋರಿ ಸುಕ್ಕದ ಹುರಿದ ಕೊತ್ತಂಬರಿ, ಮೆಣಸುಗಳ ಜೊತೆಗೆ ಶಿರಾಜಿನ ಕರಿಮೆಣಸಿನ ಛಾಯೆ ಬಹುಕಾಲದ ನೆಂಟನಂತೆ ಬೆರೆಯುತ್ತದೆ. ಸಸ್ಯಾಹಾರಿಗಳಾದ ನನ್ನ ಮಿತ್ರರಿಗೆ ಬದನೆಕಾಯಿ ಎಣ್ಣೆಗಾಯಿಯನ್ನು ಲಾ ರಿಸರ್ವಿನೊಡನೆ ಸವಿಯಿರೆಂದು ಹೇಳುತ್ತೇನೆ.

ಕಳೆದ ದೀಪಾವಳಿಗೆ ನನ್ನ ಚಿಕ್ಕಪ್ಪ ಬೋರಿವಲಿಯ ನಮ್ಮ ಮನೆಗೆ ಬಂದಿದ್ದರು. ಎಂಬತ್ತನಾಲ್ಕರ ವಯಸ್ಸು, ನಲವತ್ತು ವರ್ಷ ಪರ್ಮಿಟ್ ರೂಮು ನಡೆಸಿ, ಅಷ್ಟೂ ವರ್ಷಗಳಲ್ಲಿ ಒಂದು ಹನಿ ಮುಟ್ಟದವರು. ಊಟದ ಹೊತ್ತಿಗೆ ನಾನು ನಂದಿಯ ಕೆಂಪನ್ನು ತೆರೆದು, ಅವರ ಮುಂದೆ ಇಡಲೋ ಬೇಡವೋ ಎಂದು ಅನುಮಾನಿಸುತ್ತಿರುವಾಗ, ಅವರೇ ನನ್ನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು, ಮೂಗಿಗೆ ತಂದು ಬಹಳ ಹೊತ್ತು ಮೂಸಿ, ತುಟಿಗೆ ತಾಗಿಸಿದರು.

“ಎಳೆಯಡಿಕೆ ಜಗಿದ ಹಾಗೆ ಒಗರು ಉಂಟು ಮಗಾ,” ಎಂದರು. “ಇದು ಎಲ್ಲಿಯದ್ದು?”

ದೊಡ್ಡಬಳ್ಳಾಪುರದ್ದು ಎಂದೆನು. ಅವರು ನಂಬಲಿಲ್ಲ. ಬಾಟಲಿಯ ಚೀಟಿಯನ್ನು ತಿರುಗಿಸಿ, ಕನ್ನಡಕ ಏರಿಸಿ, ಊರಿನ ಹೆಸರನ್ನು ತಾವೇ ಓದಿಕೊಂಡರು. ಬಹಳ ಹೊತ್ತು ಸುಮ್ಮನಿದ್ದು, ಬರುವ ತಿಂಗಳು ಬೆಂಗಳೂರಿನ ಮೊಮ್ಮಗಳ ಮದುವೆಗೆ ಉದ್ಯಾನಿನಲ್ಲಿಯೇ ಟಿಕೇಟು ಮಾಡಿಸಿದ್ದೇವಲ್ಲ ಎಂದು ನೆನಪಿಸಿ, ಬೆಟ್ಟ ಯಾವ ಮಗ್ಗುಲಿನ ಕಿಟಕಿಗೆ ಕಾಣುತ್ತದೆ ಎಂದು ಕೇಳಿದರು.

ಎಡಗಡೆಯ ಕಿಟಕಿಗೆ ಎಂದೆನು.